ನೀರಿನ ಚೀಲದಲ್ಲಿ ಬಂದ ಫೋನು

"ಅಕ್ಕಿ ಡಬ್ಬಿಯೊಳಗೆ ಹೂತಿಡ್ಬೇಕಿತ್ತಮ್ಮಾ. ನಮ್ಮನೇಲಿ ಹಾಗೇ ಮಾಡಿದ್ವಿ" ಎಂದ ಪೇದೆ.

"ಸರಿ ಹೋಯ್ತಾ?"

"ಫೋನ್ ಸರಿ ಹೋಗ್ಲಿಲ್ಲ. ಅಕ್ಕಿಗೇನೂ ಆಗ್ಲಿಲ್ಲ."

ರಿಪೇರಿ ಅಂಗಡಿಯ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಉಬ್ಬಿಕೊಂಡು ಕೂತಿತ್ತು. ಬಾಯಿಗೆ ಬಿಗಿಯಾಗಿ ಸುತ್ತಿದ ರಬ್ಬರ್ ಬ್ಯಾಂಡು, ಒಳಗೆ ಮುಕ್ಕಾಲು ಭಾಗ ನೀರು, ಮೇಲೆ ಗಾಳಿ. ಮಕ್ಕಳು ಕೈಯಲ್ಲಿ ಹಿಡಿದು ಕುಣಿಯುತ್ತ ಮನೆಗೊಯ್ಯುವ ಬಣ್ಣದ ಮೀನಿನ ಚೀಲವೇ ಅದು. ಮೀನಿನ ಬದಲು ತಳದಲ್ಲೊಂದು ಕಪ್ಪು ಮೊಬೈಲು ಅಡ್ಡಡ್ಡ ಮಲಗಿತ್ತು, ಯಾರು ಏನು ಕೇಳಿದರೂ ಬಾಯಿಬಿಡುವುದಿಲ್ಲ ಎಂಬಂತೆ.

ಆ ಮೊಬೈಲಿನ ಒಡೆಯ, ಬಣ್ಣದ ಮೀನಿನಂಗಡಿಯ ಯಜಮಾನ, ಕಾಣೆಯಾಗಿದ್ದ. ಅವನನ್ನು ಕೊಂದು ಅಂಗಡಿಯ ಹಿಂದಿನ ನಾಲೆಗೆ ತಳ್ಳಿದವನು ಹೆಂಡತಿಯ ತಮ್ಮನೇ ಎಂದು ಪೊಲೀಸರು ಆ ಭಾವಮೈದನನ್ನು ಠಾಣೆಯಲ್ಲಿ ಕೂರಿಸಿದ್ದರು. ಸಂಜೆ ಅವನು ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಅಲ್ಲಿ ನಿಂತವನು ಮನೆಗೆ ಬರುವುದು ಯಾವಾಗಲೋ, ಬರುತ್ತಾನೋ ಇಲ್ಲವೋ.

ಪೇದೆಯನ್ನು ‘ಸರಿ ಹೋಯ್ತಾ’ ಎಂದು ಕೇಳಿದವಳು ಅಕ್ಕ ತಮ್ಮ ಇಬ್ಬರನ್ನೂ ಸಾಕಿದ ಅವರ ಚಿಕ್ಕಮ್ಮ. ವಿಮಾ ಕಂಪನಿಯ ಪರವಾಗಿ ಸುಟ್ಟ ಗೋದಾಮು, ಮುಳುಗಿದ ಲಾರಿ, ಕಳುವಾಯಿತೆನ್ನುವ ಒಡವೆಗಳ ನಿಜ ಸುಳ್ಳು ಅಳೆಯುವುದರಲ್ಲೇ ತಲೆ ನರೆತಿತ್ತು. ನಿವೃತ್ತಿಯಾದ ಮೇಲೂ ಆ ಚಟ ಬಿಟ್ಟಿರಲಿಲ್ಲ. ಕಳ್ಳರೂ ಪೊಲೀಸರೂ ಆಕೆಯನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಎರಡೂ ಪಂಗಡ ಒಪ್ಪಿದ ವಿಷಯ ಊರಲ್ಲಿ ಇದೊಂದೇ ಇರಬೇಕು.

"ಹುಡುಗನ ಮೇಲೆ ಇರೋದು ಅಂಗಡಿ ಪಾಲುದಾರನ ಮಾತು ಒಂದೇ" ಎಂದು ಇನ್ಸ್‌ಪೆಕ್ಟರು ಬೆಳಿಗ್ಗೆ ಹೇಳಿದ್ದರು. "ಅದು ಸುಳ್ಳು ಅಂತ ತೋರ್ಸಿಬಿಡಿ ಚಿಕ್ಕಮ್ಮ, ಆ ಗಳಿಗೇಲೇ ಬಿಟ್ಟು ಕಳಿಸ್ತೀನಿ. ನನಗೂ ಒಬ್ಬನ ಊಟ ಉಳಿಯುತ್ತೆ." ಫೋನಿನ ಜೊತೆ ಈ ಪೇದೆಯನ್ನು ಕಾವಲಿಗೆ ಕಳಿಸಿದ್ದರು. ನೀರು ಕುಡಿದ ಫೋನಿನಿಂದ ಏನೂ ಹುಟ್ಟುವುದಿಲ್ಲ ಎಂಬ ಧೈರ್ಯ ಅವರಿಗಿತ್ತು.

ಫೋನು ಸಿಕ್ಕಿದ್ದು ಯಜಮಾನನ ಹೆಂಡತಿಗೆ. ಇಡೀ ಅಂಗಡಿಯನ್ನು ನಡೆಸುವ ಹೆಂಗಸಾದರೂ ಚಿಕ್ಕಮ್ಮನ ಬಾಯಲ್ಲಿ ಆಕೆ ಇನ್ನೂ ಪುಟ್ಟಿಯೇ. ಅಂಗಡಿಯ ದೊಡ್ಡ ಗಾಜಿನ ತೊಟ್ಟಿಯಲ್ಲಿ, ಬೊಂಬೆಕೋಟೆಯ ಹಿಂದೆ ಅದು ಬಿದ್ದಿತ್ತು. ತಪಾಸಣೆಗೆ ಬಂದ ದಿನ ಇನ್ಸ್‌ಪೆಕ್ಟರು ಅದೇ ಗಾಜಿನ ಮುಂದೆ ನಿಂತು ಮೀಸೆ ಸರಿಮಾಡಿಕೊಂಡು ಹೋಗಿದ್ದರು.

ಒಳಕೋಣೆಯಿಂದ ಕೈ ಒರೆಸಿಕೊಳ್ಳುತ್ತ ರಿಪೇರಿಯವನು ಬಂದ. ಬೀದಿಯವರು ಅವನನ್ನು ತಮಾಷೆಗೆ ಡಾಕ್ಟರು ಎನ್ನುತ್ತಿದ್ದರು. ಅವನು ಅದನ್ನು ತಮಾಷೆ ಎಂದುಕೊಂಡಿರಲಿಲ್ಲ. ಅಂಗಡಿಯ ಬೋರ್ಡಿನಲ್ಲಿ ಹಾಕಿಸಿಕೊಂಡಿದ್ದ.

ಚೀಲ ನೋಡಿದವನೇ ನಿಂತುಬಿಟ್ಟ.

"ಇದನ್ನ ನೀರಲ್ಲೇ ಕಟ್ಟಿ ತಂದೋರು ಯಾರು?"

ಪುಟ್ಟಿ ಸೆರಗಿನ ತುದಿ ಹಿಂಡಿದಳು. "ನಾನೇ. ಅಭ್ಯಾಸ ಬಲ. ತೊಟ್ಟಿಯಿಂದ ಏನು ತೆಗೆದ್ರೂ ಚೀಲಕ್ಕೆ ಅದೇ ನೀರು ಹಾಕಿ ರಬ್ಬರ್ ಸುತ್ತೋದು. ಕೈ ತಾನಾಗೇ ಮಾಡ್ಬಿಡ್ತು. ಠಾಣೇಲಿ ಎಲ್ರೂ ನಕ್ಕರು. ‘ಇದಕ್ಕೆ ದಿನಾ ಕಾಳು ಹಾಕ್ಬೇಕಾ’ ಅಂತ ಕೇಳಿದ್ರು."

ಪೇದೆ ತನ್ನ ಬೂಟು ನೋಡಿಕೊಂಡ. ಕೇಳಿದವನು ಅವನೇ.

"ನಗೋರು ನಗ್ಲಿ" ಎಂದ ಡಾಕ್ಟರು. "ಮುಳುಗಿದ ಫೋನನ್ನ ಎತ್ತಿ ಗಾಳಿಗಿಟ್ರಲ್ಲ, ಕಿಲುಬಿನ ಓಟ ಶುರುವಾಗೋದೇ ಆಗ. ಕೆಲವರು ಕೂದಲು ಒಣಗಿಸೋ ಮಷೀನ್ ಹಿಡೀತಾರೆ. ಕೆಲವರು ಅಕ್ಕಿ." ಪೇದೆ ಮತ್ತೆ ಬೂಟು ನೋಡಿಕೊಂಡ. "ನೀವು ಇದ್ದದ್ದನ್ನ ಇದ್ದ ಹಾಗೇ ತಂದಿದೀರಿ. ಇಷ್ಟು ವರ್ಷದಲ್ಲಿ ಒಬ್ಬರೂ ಹೀಗೆ ತಂದಿಲ್ಲ. ಇನ್ಮೇಲೆ ಬಂದವರಿಗೆಲ್ಲ ಇದನ್ನೇ ಹೇಳ್ತೀನಿ. ನಾನೇ ಕಂಡುಹಿಡಿದೆ ಅಂತ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ."

ಬಂದಾಗಿನಿಂದ ಮೊದಲ ಸಲ ಪುಟ್ಟಿಯ ಮುಖ ಸ್ವಲ್ಪ ಸಡಿಲವಾಯಿತು.

ಅವನು ಚೀಲ ಬಿಚ್ಚಿದ. ಫೋನನ್ನು ಶುದ್ಧ ನೀರಿನ ಬಟ್ಟಲಿನಲ್ಲಿ ಅದ್ದಿ ತೆಗೆದು, ಬಟ್ಟೆಯ ಮೇಲಿಟ್ಟು, ಬುಡದ ಎರಡು ತಿರುಪುಮೊಳೆ ತೆಗೆದ. ಪರದೆಯ ಅಂಚಿಗೆ ತೆಳುವಾದ ರೇಕು ತೂರಿಸಿ ಸುತ್ತಲೂ ಎಳೆದ. ಬಾಯಿ ಎಷ್ಟು ಮಾತಾಡುತ್ತಿತ್ತೋ ಕೈ ಅಷ್ಟು ಮೌನವಾಗಿತ್ತು. ಒಂದು ದೇಹಕ್ಕೆ ಇಬ್ಬರು ಮನುಷ್ಯರು ಗುತ್ತಿಗೆ ಹಿಡಿದಂತಿತ್ತು.

ಪರದೆ ಎದ್ದಿತು. ಒಳಗೆ ಮೊಳೆ ಹಾಕಿ ಕೂರಿಸಿದ್ದ ಲೋಹದ ಪಟ್ಟಿಯೂ ಎದ್ದಿತು. ಬಾಯಿಯೂ ನಿಂತಿತು.

"ಏನಾಯ್ತು ಡಾಕ್ಟ್ರೇ?" ಚಿಕ್ಕಮ್ಮ ಬಾಗಿದಳು.

"ಕೆಟ್ಟಿದ್ರೆ ಹೇಳ್ತಿದ್ದೆ. ಕೆಟ್ಟಿಲ್ವಲ್ಲಾ, ಅದಕ್ಕೇ ಯೋಚ್ನೆ." ಅವನು ದೊಡ್ಡ ಮಸೂರವನ್ನು ಅವಳ ಕಡೆ ತಿರುಗಿಸಿದ. "ಫೋನಿನೊಳಗೆ ಕರೆಂಟ್ ಹರೀತಿರುವಾಗ ನೀರು ನುಗ್ಗಿದ್ರೆ, ಕರೆಂಟ್ ಓಡೋ ದಾರಿ ಉದ್ದಕ್ಕೂ ಹಸಿರು ಕಿಲುಬು ಏಳುತ್ತೆ. ಬ್ಯಾಟರಿ ಸುತ್ತಮುತ್ತ ಅಂತೂ ಹುಲ್ಲು ಬೆಳೆದ ಹಾಗೆ. ಇಲ್ಲಿ ನೋಡಿ."

ಚಿಕ್ಕಮ್ಮ ನೋಡಿದಳು. ಬ್ಯಾಟರಿಯ ಪಕ್ಕದ ಸಣ್ಣ ಚಿನ್ನದ ಬಣ್ಣದ ಹಲ್ಲುಗಳು ಅಂಗಡಿಯಿಂದ ಈಗಷ್ಟೇ ತಂದಂತೆ ಹೊಳೆಯುತ್ತಿದ್ದವು. ಅವುಗಳ ಮೇಲೆ ಕೂರಬೇಕಾದ ಬ್ಯಾಟರಿಯ ಪ್ಲಗ್ಗು ಮಾತ್ರ ಎದ್ದು, ಪಕ್ಕಕ್ಕೆ ಮಡಿಸಿಕೊಂಡು ಕೂತಿತ್ತು.

"ಬಿದ್ದ ಏಟಿಗೆ ಕಿತ್ತುಕೊಂಡಿರ್ಬಹುದಾ?"

"ಮೇಲೊಂದು ಲೋಹದ ಪಟ್ಟಿ ಇತ್ತು, ಅದಕ್ಕೆ ಮೊಳೆಗಳಿದ್ವು. ಬಿದ್ದ ಏಟಿಗೆ ಮೊಳೆಗಳು ತಾವೇ ಬಿಚ್ಕೊಂಡು, ಪ್ಲಗ್ ಎದ್ದು, ಮೊಳೆಗಳು ವಾಪಸ್ ಬಂದು ಕೂತ್ಕೋತವಾ? ಯಾರೋ ಆಫ್ ಮಾಡಿ, ಬಿಚ್ಚಿ, ಪ್ಲಗ್ ಎತ್ತಿ, ಮುಚ್ಚಿ, ಆಮೇಲೆ ನೀರಿಗೆ ಬಿಟ್ಟಿದಾರೆ. ಮುಳುಗಿಸಿದ್ದು ಕೊಲ್ಲೋಕಲ್ಲ ಚಿಕ್ಕಮ್ಮ. ಮುಂದೆ ಬದುಕಿಸೋಕೆ ಆಗ್ಲಿ ಅಂತ ಜೋಪಾನವಾಗಿ ಮುಳುಗಿಸಿದಾರೆ." ಆಮೇಲೆ, ತಡೆಯಲಾರದೆ, "ಒಳ್ಳೇ ಕೆಲಸ. ಪಟ್ಟಿಗೆ ಒಂದು ಗೀರೂ ಬಿದ್ದಿಲ್ಲ" ಎಂದ.

"ಇಂಥ ಕೆಲಸ ಯಾರಿಗೆ ಬರುತ್ತೆ?"

ಡಾಕ್ಟರು ಪುಟ್ಟಿಯ ಕಡೆ ನೋಡಿದ. "ನಿಮ್ಮನೆಯವರಿಗೆ ಬರುತ್ತೆ. ಬಗ್ಗಿ ಮೀನು ಹಿಡಿಯೋವಾಗೆಲ್ಲ ಅವರ ಜೇಬಿನ ಫೋನು ತೊಟ್ಟಿಗೆ ಜಾರ್ತಿತ್ತು. ಓಡಿ ಬರೋ ಹೊತ್ತಿಗೆ ಅರ್ಧ ಸುಟ್ಟಿರೋದು. ಸಾಕಾಗಿ ಒಂದು ಸಣ್ಣ ತಿರುಪುಳಿ ಕೊಟ್ಟು, ‘ಬಿದ್ದ ತಕ್ಷಣ ಮೊದ್ಲು ಪ್ಲಗ್ ಎತ್ತಿ, ಉಳಿದದ್ದು ನನಗೆ ಬಿಡಿ’ ಅಂತ ಕಲಿಸಿದ್ದೆ. ನನ್ನ ವಿದ್ಯಾರ್ಥಿ ಅವರು."

ಪುಟ್ಟಿ ಗೋಡೆಗೊರಗಿದಳು. "ಅಂದ್ರೆ ಫೋನ್ ನೀರಿಗೆ ಬಿದ್ದಾಗ ಅವರು..."

"ನೆಟ್ಟಗಿದ್ದ" ಎಂದಳು ಚಿಕ್ಕಮ್ಮ. "ಕೈ ಕೂಡ ನಡುಗಿಲ್ಲ. ಈಗ ಅಳ್ಬೇಡ ಪುಟ್ಟಿ. ಮುಖ ಒರೆಸ್ಕೋ. ಪಾಲುದಾರನಿಗೆ ಬರೋಕೆ ಹೇಳಿದೀನಿ, ಅದೋ ಬಂದ."

ಪಾಲುದಾರನ ಅಂಗಿಗೆ ಗರಿಗರಿ ಇಸ್ತ್ರಿಯಾಗಿತ್ತು. ಮುಖಕ್ಕೆ ಆಗಿರಲಿಲ್ಲ. ಯಜಮಾನನೂ ಅವನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಮೀನಿನಂಗಡಿಯನ್ನು ಜೊತೆಯಲ್ಲಿ ಹಾಕಿದವರು. ಬಂದವನು "ಅತ್ತಿಗೆ" ಎಂದ. ಅತ್ತಿಗೆ ಮುಖ ತಿರುಗಿಸಿದಳು. ತನ್ನ ತಮ್ಮನನ್ನು ಠಾಣೆಗೆ ಕಳಿಸಿದ ಬಾಯಿ ಅದು.

"ಬಾಪ್ಪಾ, ಕೂತ್ಕೋ" ಎಂದಳು ಚಿಕ್ಕಮ್ಮ. "ಆವತ್ತಿಂದು ಇನ್ನೊಂದ್ಸಲ ಹೇಳು. ವಯಸ್ಸಾಯ್ತು ನೋಡು, ಕೇಳಿದ್ದು ತಲೇಲಿ ನಿಲ್ಲಲ್ಲ."

ಪೇದೆ ಕೆಮ್ಮಿದ. ತಾನು ಕೆಲಸಕ್ಕೆ ಸೇರಿದ ದಿನ ಯಾವ ಕಾಲಿಗೆ ಯಾವ ಬೂಟು ಹಾಕಿದ್ದೆ ಎಂದು ನೆನಪಿಟ್ಟಿದ್ದ ಹೆಂಗಸು ಆಕೆ.

"ಅದೇ ಚಿಕ್ಕಮ್ಮ. ಅಂಗಡಿಯಿಂದ ಫೋನ್ ಮಾಡಿದ್ದ. ಹೊಸ ಪಂಪುಗಳ ವಿಷಯ ಮಾತಾಡ್ತಿದ್ವಿ. ಹಿಂದೆಯಿಂದ ಭಾವಮೈದನ ದನಿ ಕೇಳಿಸ್ತು, ಜೋರು ಜೋರಾಗಿ. ಇವನು ‘ಬಿಡೋ, ಬಿಡೋ’ ಅಂದ. ಆಮೇಲೆ ಧೊಪ್ ಅಂತ ಸದ್ದು. ಲೈನು ಗುಳುಗುಳು ಅಂತು. ಸತ್ತುಹೋಯ್ತು."

"ಗುಳುಗುಳು ಅಂತು."

"ಹೂಂ. ನೀರು ಹೋದ ಹಾಗೆ."

"ನಡುವೆ ಅವನೇ ಕಟ್ ಮಾಡಿ, ಆಮೇಲೆ ಇನ್ನೇನೋ ಆಗಿರ್ಬಹುದಾ?"

"ಇಲ್ಲ ಚಿಕ್ಕಮ್ಮ, ದೇವರಾಣೆ. ಮಾತಾಡ್ತಾ ಮಾತಾಡ್ತಾನೇ ಮುಳುಗಿದ್ದು. ನಾನೇ ಕಿವಿಯಾರೆ ಕೇಳಿದೀನಿ."

ಚಿಕ್ಕಮ್ಮ ಮೇಜಿನ ಕಡೆ ತಿರುಗಿದಳು. "ಡಾಕ್ಟ್ರೇ, ಬ್ಯಾಟರಿ ಪ್ಲಗ್ ಕಿತ್ತಿಟ್ಟ ಫೋನು ಗುಳುಗುಳು ಅನ್ನುತ್ತಾ?"

"ಪ್ಲಗ್ ಕಿತ್ತಿಟ್ಟ ಫೋನು ನಮ್ಮ ಮಾವನ ಹಾಗೆ. ನೀರಿಗೆ ತಳ್ಳಿದ್ರೂ ಏನೂ ಅನ್ನಲ್ಲ."

"ಬಾ ಇಲ್ಲಿ. ನೋಡು" ಎಂದಳು ಚಿಕ್ಕಮ್ಮ.

ಪಾಲುದಾರ ಮಸೂರಕ್ಕೆ ಕಣ್ಣಿಟ್ಟ. ಎದ್ದ ಪ್ಲಗ್ಗು, ಹೊಳೆಯುವ ಹಲ್ಲುಗಳು. ಡಾಕ್ಟರು ಹುಲ್ಲಿನ ಕಥೆಯನ್ನು ಮತ್ತೊಮ್ಮೆ, ಇನ್ನಷ್ಟು ಚೆನ್ನಾಗಿ ಹೇಳಿದ. ಪಾಲುದಾರ ಬಹಳ ಹೊತ್ತು ಮಸೂರದಿಂದ ಕಣ್ಣು ಕೀಳಲಿಲ್ಲ. ಕಿತ್ತರೆ ಮನುಷ್ಯರ ಮುಖ ನೋಡಬೇಕಲ್ಲ.

"ಇಷ್ಟು ಚೆನ್ನಾಗಿ ಬಿಚ್ಚಿದಾನಾ" ಎಂದ ಕೊನೆಗೆ, ತನ್ನಷ್ಟಕ್ಕೆ.

"ಯಾರು?"

ಅವನು ಮಸೂರವನ್ನು ಪಕ್ಕಕ್ಕೆ ಸರಿಸಿದ.

"ಹೋಗ್ಲಿ. ಗುಳುಗುಳು?"

"ಸುಳ್ಳು. ಎಲ್ಲಾ ಸುಳ್ಳು. ಜಗಳಾನೂ ಇಲ್ಲ, ಧೊಪ್ ಅನ್ನೋದೂ ಇಲ್ಲ. ಫೋನ್ ಮಾಡಿದ್ದ, ಮಾತಾಡಿದ, ಇಟ್ಟ. ಅಷ್ಟೇ."

ಪೇದೆ ಆಗಲೇ ಎದ್ದು ತನ್ನ ಮೊಬೈಲು ಹೊರಗೆ ತೆಗೆದಿದ್ದ. "ಸಾಹೇಬ್ರಿಗೆ ತಿಳಿಸ್ಬಿಡ್ತೀನಿ" ಎಂದು ಬೀದಿಗೆ ಹಾರಿದ. ಫೋನಿಗೆ ಕಾಳು ಹಾಕುವ ಮಾತಿನ ಪಾಪ ತೊಳೆದುಕೊಳ್ಳುವ ಅವಸರ ಅವನಿಗಿತ್ತು.

ಪಾಲುದಾರ ಬೆಚ್ಚಿ ನಿಂತ. "ಏನು ತಿಳಿಸೋಕೆ ಹೋದ್ರು ಅವರು?"

"ಹುಡುಗನ್ನ ಬಿಡಿ ಅಂತ."

"ಬೇಡ! ಚಿಕ್ಕಮ್ಮ, ಕಾಲಿಗೆ ಬೀಳ್ತೀನಿ. ಅವನು ಇವತ್ತೊಂದಿನ ಒಳಗೇ ಇರ್ಲಿ. ಬೇಕಾದ್ರೆ ಸುಳ್ಳು ಹೇಳಿದ್ದಕ್ಕೆ ನನ್ನನ್ನೂ ಅವನ ಪಕ್ಕದಲ್ಲೇ ಕೂರಿಸ್ಲಿ."

"ನನ್ನ ತಮ್ಮ ಲಾಕಪ್ಪಲ್ಲಿ ಕೊಳೀಬೇಕು ಅಂತೀಯಲ್ಲ, ನಾಚಿಕೆ ಆಗಲ್ವಾ ನಿನಗೆ?" ಪುಟ್ಟಿ ಅವನೆದುರಿಗೆ ಬಂದಳು. "ನಮ್ಮನೇಲಿ ಉಂಡಿದೀಯ. ಅವನ ಹೆಗಲ ಮೇಲೆ ಕೈ ಹಾಕ್ಕೊಂಡು ತಿರುಗಿದೀಯ. ಯಾಕೆ ಹೇಳಿದೆ ಆ ಮಾತು? ಯಾರು ಹೇಳಿಸಿದ್ರು?"

"ಕೇಳ್ಬೇಡಿ ಅತ್ತಿಗೆ. ಮಾತು ಕೊಟ್ಟಿದೀನಿ."

"ಯಾರಿಗೆ?"

ಅವನು ಸ್ಟೂಲಿನ ಮೇಲೆ ಕುಸಿದು ಅಂಗೈಯಲ್ಲಿ ಮುಖ ಹುದುಗಿಸಿದ. ಅಂಗಿಯ ಇಸ್ತ್ರಿಯೂ ಮುಗಿಯಿತು.

ಚಿಕ್ಕಮ್ಮ ಅವನನ್ನೇ ನೋಡುತ್ತಿದ್ದಳು. ಸುಳ್ಳು ಸಿಕ್ಕಿಬಿದ್ದವರನ್ನು ಬೇಕಾದಷ್ಟು ಕಂಡಿದ್ದಳು. ಕೆಲವರು ರೇಗುತ್ತಾರೆ, ಕೆಲವರು ಅಳುತ್ತಾರೆ, ಜಾಣರು ಕುಡಿಯಲು ನೀರು ಕೇಳುತ್ತಾರೆ. ತಾನೇ ಸಿಕ್ಕಿಸಿದ ನಿರಪರಾಧಿಯನ್ನು ಇವತ್ತೊಂದು ದಿನ ಬಿಡಬೇಡಿ ಎಂದು ಕಾಲು ಹಿಡಿಯಲು ಬಂದವನು ಇವನೊಬ್ಬನೇ. ಇದು ತಪ್ಪಿತಸ್ಥನ ಹೆದರಿಕೆಯಲ್ಲ. ಬೇರೆಯವರಿಗಾಗಿ ಪಡುವ ಹೆದರಿಕೆ.

"ಪುಟ್ಟಿ, ಆ ಪೇದೆಯನ್ನ ಒಂದು ನಿಮಿಷ ತಡೆಯೋಣ್ವಾ?"

"ಬೇಡ ಚಿಕ್ಕಮ್ಮ." ಪುಟ್ಟಿಯ ದನಿ ಗಟ್ಟಿಯಾಗಿತ್ತು. "ಮೊದ್ಲು ನನ್ನ ತಮ್ಮ ಹೊರಗೆ ಬರ್ಲಿ. ಉಳಿದ ಲೆಕ್ಕ ಆಮೇಲೆ."

ಸಾಕಿದವಳು ಅದಕ್ಕೆ ಒಪ್ಪಿ ಮೇಜಿನ ಕಡೆ ತಿರುಗಿದಳು. "ಡಾಕ್ಟ್ರೇ" ಎಂದಳು, "ಇವನಂತೂ ಬಾಯಿ ಬಿಡಲ್ಲ. ಆ ಫೋನಿನ ಬಾಯಿ ಬಿಡಿಸಿ. ಬೇಗ."

ಮುಂದೆ ನಡೆದದ್ದನ್ನು ಹತ್ತಿರದಿಂದ ನೋಡಿದವರು ಡಾಕ್ಟರ ಬಡಾಯಿಯನ್ನು ಅವತ್ತಿನ ಮಟ್ಟಿಗೆ ಕ್ಷಮಿಸಿದರು.

ಅವನು ಫೋನಿನ ಸರ್ಕ್ಯೂಟ್ ಬೋರ್ಡಿನ ತಟ್ಟೆಯನ್ನು ಬಿಡಿಸಿ, ಸ್ಪಿರಿಟ್ಟಿನ ಬಟ್ಟಲಿನಲ್ಲಿ ಮುಳುಗಿಸಿ, ಹಾಲುಹಲ್ಲಿನ ಮಗುವಿಗೆ ತರುವಂಥ ಮೆತ್ತನೆ ಬ್ರಶ್ಶಿನಿಂದ ಮೂಲೆಮೂಲೆ ಉಜ್ಜಿದ. ಬಿಸಿಗಾಳಿಗೆ ದೂರದಲ್ಲಿ ಹಿಡಿದು ಒಣಗಿಸಿದ. ಬ್ಯಾಟರಿಯನ್ನು ಮುಟ್ಟಲೇ ಇಲ್ಲ. ಅಂಗಡಿಯ ಕರೆಂಟಿನ ಪೆಟ್ಟಿಗೆಯಿಂದ ಎರಡು ತಂತಿ ತಂದು ತಟ್ಟೆಗೆ ತಾಗಿಸಿದ. ಪೆಟ್ಟಿಗೆಯ ಮೀಟರಿನ ಮುಳ್ಳು ಚೇಳು ಕುಟುಕಿದಂತೆ ಎಗರಿ ತುದಿಗೆ ಬಡಿಯಿತು. ತಕ್ಷಣ ತಂತಿ ಎತ್ತಿದ.

"ಸತ್ತೋಯ್ತಾ?" ಪುಟ್ಟಿ.

"ಎಲ್ಲೋ ಒಂದು ಕಡೆ ಸೋರ್ತಿದೆ. ಇಷ್ಟರಲ್ಲಿ ಎಲ್ಲಿ ಅಂತ ಹುಡುಕೋದು ಅಂತೀರಾ?" ಯಾರೂ ಅಂದಿರಲಿಲ್ಲ. "ಹುಡುಕಲ್ಲ. ಅದೇ ಬಂದು ಹೇಳುತ್ತೆ, ನೋಡ್ತಿರಿ."

ತಟ್ಟೆಯ ಮೇಲೆ ತೆಳ್ಳಗೆ ಸ್ಪಿರಿಟ್ ಸವರಿದ. ಅದು ಕನ್ನಡಿಯಂತೆ ಮಿನುಗಿತು. ತಂತಿಯನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ತಾಗಿಸಿದ. ಎಲ್ಲರೂ ಉಸಿರು ಹಿಡಿದು ಬಗ್ಗಿದರು. ಪಾಲುದಾರನ ತಲೆಯೂ ಅವನಿಗೆ ತಿಳಿಯದಂತೆ ಬಗ್ಗಿತ್ತು. ಆ ಮಿನುಗಿನ ನಡುವೆ ಒಂದೇ ಒಂದು ಚುಕ್ಕೆ, ಸಾಸಿವೆ ಕಾಳಿಗಿಂತ ಚಿಕ್ಕದು, ಉಳಿದೆಲ್ಲಕ್ಕಿಂತ ಮೊದಲು ಒಣಗಿತು.

"ಜ್ವರ ಬಂದವನ ಹಣೇಲಿ ಒದ್ದೆ ಬಟ್ಟೆ ಬೇಗ ಒಣಗುತ್ತಲ್ಲ" ಎಂದ ಡಾಕ್ಟರು, "ಹಾಗೇ. ಇವನೇ ನಮ್ಮ ಕಳ್ಳ."

ಆ ಚುಕ್ಕೆಯಲ್ಲಿದ್ದ ಬಿಡಿಭಾಗವನ್ನು ಕಾಯಿಸಿ ಚಿಮಟದ ತುದಿಯಿಂದ ಎತ್ತಿದ. ಎತ್ತಿದ್ದು ಯಾರಿಗೂ ಕಾಣಲಿಲ್ಲ. ಅದಿಲ್ಲದಿದ್ದರೂ ಸ್ವಲ್ಪ ಹೊತ್ತು ಸಂಸಾರ ನಡೆಯುತ್ತದೆ ಎಂದ. ಮತ್ತೆ ತಂತಿ ತಾಗಿಸಿದ. ಮುಳ್ಳು ಈ ಸಲ ಮೆಲ್ಲಗೆ ಎದ್ದು, ಸ್ವಲ್ಪ ತೂಗಾಡಿ, ನಡುವೆ ಬಂದು ನಿಂತಿತು.

ಪರದೆಗೆ ನೀರು ಹೊಕ್ಕು ಪೊರೆ ಬಂದಿತ್ತು. ಡ್ರಾಯರಿನಿಂದ ಬೇರೊಂದು ಪರದೆ ತೆಗೆದು ಜೋಡಿಸಿದ. ಅದರೊಳಗೆ ಬೆಳಕು ಬಂತು. ಗಾಜಿನ ತೊಟ್ಟಿಯ ಮುಂದೆ ನಿಂತ ಪುಟ್ಟಿಯ ಚಿತ್ರ, ಕೈಯಲ್ಲಿ ಬಲೆ, ಮುಖದಲ್ಲಿ ಸಿಟ್ಟು.

"ಆ ಫೋಟೋ ತೆಗೀಬೇಡಿ ಅಂದಿದ್ದೆ" ಎಂದಳು ಪುಟ್ಟಿ. ಅಷ್ಟು ಹೇಳಿ ಅತ್ತೇಬಿಟ್ಟಳು.

ಫೋನಿಗೆ ಬೀಗದ ಅಂಕಿ ಬೇಕಿತ್ತು. ಆಕೆಗೆ ಗೊತ್ತಿರಲಿಲ್ಲ. ಪಾಲುದಾರ ತನಗೂ ಗೊತ್ತಿಲ್ಲವೆಂದು ತಲೆಯಾಡಿಸಿದ. ಬದುಕಿಸಿದ ಡಾಕ್ಟರಿಗೆ ಅದು ತನ್ನ ಇಲಾಖೆಯಲ್ಲವೆನಿಸಿತು.

ಅಷ್ಟರಲ್ಲಿ ಫೋನು ರಿಂಗಾಯಿತು.

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು, ಡಾಕ್ಟರೂ ಸೇರಿ. ಪರದೆಯ ಮೇಲೆ ಹೆಸರಿಲ್ಲದ ನಂಬರು.

"ಈಗಷ್ಟೇ ಜೀವ ಬಂದಿದೆ" ಚಿಕ್ಕಮ್ಮ ಪಿಸುಗುಟ್ಟಿದಳು. "ಇದು ಯಾವಾಗ ಏಳುತ್ತೋ ಅಂತ ಯಾರೋ ಮತ್ತೆ ಮತ್ತೆ ಫೋನ್ ಮಾಡ್ತಾ ಕಾದಿದಾರೆ."

"ಎತ್ಬೇಡಿ" ಎಂದ ಪಾಲುದಾರ.

"ಎತ್ತೋಕೆ ಬೀಗದ ಅಂಕಿ ಬೇಕಾಗಿಲ್ಲ" ಎಂದ ಡಾಕ್ಟರು. ಚಿಕ್ಕಮ್ಮ ತಲೆಯಾಡಿಸಿದಳು. ಅವನು ಗುಂಡಿ ಒತ್ತಿ, ಎಲ್ಲರಿಗೂ ಕೇಳುವಂತೆ ಮಾಡಿ, ಗಂಟಲು ಸರಿಪಡಿಸಿಕೊಂಡ. "ಡಾಕ್ಟರು ಮಾತಾಡ್ತಿರೋದು."

"ಗೊತ್ತಿತ್ತು" ಎಂದಿತು ಆ ಕಡೆಯ ಗಂಡಸಿನ ದನಿ. "ಇದಕ್ಕೆ ಜೀವ ಬಂದಿದೆ ಅಂದ್ರೆ ನಿಮ್ಮ ಕೈಯಲ್ಲೇ ಇರ್ಬೇಕು."

ಪುಟ್ಟಿ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು. ಪರಿಚಯ ಮಾಡಿಕೊಡುವ ಅಗತ್ಯ ಯಾರಿಗೂ ಬೀಳಲಿಲ್ಲ.

"ಡಾಕ್ಟ್ರೇ, ಟೈಮಿಲ್ಲ, ಕೇಳಿ. ಫೋನು ಬದುಕಿದೆ ಅಂತ ಪೊಲೀಸರಿಗೆ ಗೊತ್ತಾಗ್ಬಾರದು. ನಾನು ಬದುಕಿದೀನಿ ಅಂತ ನನ್ನ ಹೆಂಡತಿಗೂ ಗೊತ್ತಾಗ್ಬಾರದು, ಅವಳು ಠಾಣೆಗೆ ಓಡ್ತಾಳೆ. ನನ್ನ ಭಾವಮೈದ ಒಳಗೇ ಇರ್ಬೇಕು. ಅವರು ಕೊಲ್ಲೋಕೆ ಹುಡುಕ್ತಿರೋದು ನನ್ನನ್ನಲ್ಲ, ಅವನನ್ನ. ಒಳಗೆ ಹಾಕಿಸೋಕೆ ಬೇರೆ ದಾರಿ ಸಿಗದೆ ನಾನೇ ಸತ್ತೆ. ಲಾಕಪ್ಪಿನಲ್ಲಿರೋವರೆಗೆ ಮಾತ್ರ ಅವನು ಉಳಿದಿರ್ತಾನೆ. ಹೊರಗೆ ಕಾಲಿಟ್ರೆ..."

"ಯಾರು?" ಪುಟ್ಟಿ ಫೋನಿನ ಮೇಲೆ ಎರಗಿದಳು. "ರೀ, ಯಾರವರು? ಯಾರು ಹುಡುಕ್ತಿದಾರೆ? ಹೇಳ್ರೀ!"

"ಪುಟ್ಟೀ? ನೀನು ಅಲ್ಲಿ..."

ಪೆಟ್ಟಿಗೆಯ ಮುಳ್ಳು ಸರ್ರನೆ ಕೆಳಗಿಳಿಯಿತು. ಪರದೆ ಕಪ್ಪಾಯಿತು. ಡಾಕ್ಟರು ಮತ್ತೆ ಮಸೂರಕ್ಕೆ ಬಾಗಿದ. ಚಿಕ್ಕಮ್ಮ ಆಗಲೇ ಬಾಗಿಲಿನತ್ತ ಧಾವಿಸಿದ್ದಳು.

ಬಾಗಿಲಲ್ಲಿ ಪೇದೆ ಎದುರಾದ. ಮುಖ ತುಂಬ ನಗು.

"ಆಯ್ತು ಚಿಕ್ಕಮ್ಮ! ಸಾಹೇಬ್ರ ಮಾತು ಅಂದ್ರೆ ಮಾತು. ನಾನು ಲೈನಲ್ಲಿ ಇರೋವಾಗ್ಲೇ ಬಿಟ್ಟು ಕಳಿಸಿದ್ರು. ಇನ್ನು ನೀವು ಅಲ್ಲಿಗೆ ಓಡೋದೂ ಬೇಡ. ಬೆಳಿಗ್ಗೆಯಿಂದ ಗೇಟಿನ ಹತ್ರ ಯಾರೋ ನೆಂಟರು ಕಾರು ನಿಲ್ಲಿಸ್ಕೊಂಡು ಕಾಯ್ತಿದ್ರಂತೆ, ‘ಮನೆಗೆ ಬಿಡ್ತೀವಿ’ ಅಂತ ಹತ್ತಿಸ್ಕೊಂಡು ಹೋದ್ರಂತೆ. ಒಳ್ಳೇ ಜನ ನೋಡಿ."